ಮೈಸೂರು ಸೀಮೆಯ ವಿದ್ಯುಚ್ಛಕ್ತಿಯೂ ಪಿಂಗಾಣಿಯೂ

ಭದ್ರಾವತಿಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕೆಮ್ಮಣ್ಣುಗುಂಡಿಯ ಅದಿರನ್ನೂ, ಭದ್ರಾನದಿಯ ನೀರನ್ನೂ, ಮಲೆನಾಡಿನ ಕಾಡನ್ನೂ, ಸರ್ ಎಂ. ವಿಶ್ವೇಶ್ವರಯ್ಯನವರ ಛಲವನ್ನೂ ಹೇಳುತ್ತಾರೆ. ಅದೆಲ್ಲವೂ ಯಥಾರ್ಥವೇ. ಆದರೆ ಕಬ್ಬಿಣದ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ನ್ಯೂ ಟೌನ್ ಬಡಾವಣೆಯಲ್ಲಿ ತಲೆಯೆತ್ತಿ ನೋಡಿಕೊಂಡು ನಡೆಯುವವರಿಗೆ ಇನ್ನೊಂದು ವಸ್ತು ಕಾಣುತ್ತದೆ. ಪ್ರತಿಯೊಂದು ವಿದ್ಯುತ್ ಕಂಬದ ಮೇಲೂ, ತಂತಿಗೂ ಕಂಬಕ್ಕೂ ನಡುವೆ, ಬೋರಲು ಹಾಕಿದ ಬಟ್ಟಲಿನಂಥ ಪಿಂಗಾಣಿಯ ತುಂಡೊಂದು ಕುಳಿತಿರುತ್ತದೆ. ಅದು ಚಲಿಸುವುದಿಲ್ಲ, ಬೆಳಗುವುದಿಲ್ಲ, ಸದ್ದು ಮಾಡುವುದಿಲ್ಲ. ವಿದ್ಯುತ್ತು ತಂತಿಯನ್ನು ಬಿಟ್ಟು ಕಂಬದ ಮೂಲಕ ನೆಲಕ್ಕೆ ಇಳಿದುಹೋಗದಂತೆ ತಡೆಯುವುದೊಂದೇ ಅದರ ಕೆಲಸ.

ಈ ತಡೆಯುವ ವಸ್ತುವಿನ ಚರಿತ್ರೆಯೇ ಈ ಭಾಷಣದ ವಿಷಯ. ಇದರಲ್ಲಿ ಗಮನಿಸತಕ್ಕ ಒಂದು ವಿಶೇಷವುಂಟು. ಶಾಸ್ತ್ರವು ಮೊದಲು ಹುಟ್ಟುತ್ತದೆ, ಅದರಿಂದ ಕೈಗಾರಿಕೆಯು ಹುಟ್ಟುತ್ತದೆ, ಕಟ್ಟಕಡೆಗೆ ಜನರ ಬಳಕೆ ಬರುತ್ತದೆ ಎಂದು ಪಾಠಪುಸ್ತಕಗಳು ಹೇಳುವುದುಂಟು. ಮೈಸೂರು ಸೀಮೆಯಲ್ಲಿ ಈ ಕ್ರಮವು ತಲೆಕೆಳಗಾಯಿತು. ನಾವು ಈ ವಸ್ತುವನ್ನು ಮೊದಲು ಬಳಸಿದೆವು. ಒಂದು ತಲೆಮಾರು ಕಳೆದ ಮೇಲೆ ಅದನ್ನು ತಯಾರಿಸಲು ಕಲಿತೆವು. ಅದಕ್ಕೂ ತರುವಾಯ ಅದು ಏಕೆ ತಡೆಯುತ್ತದೆ, ಯಾವಾಗ ಸೋಲುತ್ತದೆ ಎಂಬುದನ್ನು ನಮ್ಮದೇ ಪ್ರಯೋಗಶಾಲೆಗಳಲ್ಲಿ ಶೋಧಿಸತೊಡಗಿದೆವು. ಹೀಗಾದದ್ದರಿಂದ ನಮಗೆ ಆದ ಲಾಭನಷ್ಟಗಳೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ವಸ್ತುವಿನ ಸ್ವಭಾವವನ್ನು ಸ್ವಲ್ಪ ತಿಳಿಯೋಣ. 1729ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬಾತನು ಉದ್ದನೆಯ ಹುರಿಯೊಂದರ ಮೂಲಕ ವಿದ್ಯುತ್ತನ್ನು ದೂರಕ್ಕೆ ಸಾಗಿಸಲು ಪ್ರಯತ್ನಿಸಿದನು. ಆ ಹುರಿಯನ್ನು ರೇಷ್ಮೆಯ ಎಳೆಗಳಿಂದ ತೂಗುಹಾಕಿದ್ದನು. ರೇಷ್ಮೆಯ ಎಳೆ ಸಪೂರವಾಗಿರುವುದರಿಂದಲೇ ವಿದ್ಯುತ್ತು ಸೋರಿಹೋಗುವುದಿಲ್ಲವೆಂದು ಅವನ ಊಹೆ. ರೇಷ್ಮೆಯು ಭಾರವನ್ನು ತಾಳಲಾರದೆ ಹರಿದುಹೋದಾಗ ಅದರ ಬದಲಿಗೆ ಅಷ್ಟೇ ಸಪೂರವಾದ ಹಿತ್ತಾಳೆಯ ತಂತಿಯನ್ನು ಕಟ್ಟಿದನು. ಒಡನೆಯೇ ವಿದ್ಯುತ್ತೆಲ್ಲ ಸೋರಿಹೋಯಿತು. ಎಳೆಯ ಗಾತ್ರವಲ್ಲ, ಎಳೆಯ ಜಾತಿಯೇ ಮುಖ್ಯವೆಂದು ಆಗ ಗೊತ್ತಾಯಿತು. ವಸ್ತುಗಳಲ್ಲಿ ವಾಹಕ, ಅವಾಹಕ ಎಂಬ ಎರಡು ಪಂಗಡಗಳುಂಟೆಂಬ ತಿಳಿವಳಿಕೆ ಹೀಗೆ ಬಂದಿತು.

ಸುಮಾರು ನೂರು ವರ್ಷಗಳಾದ ಮೇಲೆ, 1837ರ ಹೊತ್ತಿಗೆ, ಮೈಕೇಲ್ ಫ್ಯಾರಡೆಯು ಇನ್ನೂ ಆಳಕ್ಕೆ ಹೋದನು. ಅವಾಹಕವು ಬಾಗಿಲು ಮುಚ್ಚಿದ ಗೋಡೆಯಂತೆ ಸುಮ್ಮನೆ ನಿಂತಿರುವುದಿಲ್ಲ. ಬಿಲ್ಲಿನ ಹೆದೆಯನ್ನು ಎಳೆದಂತೆ ಅದರ ಒಡಲಿನಲ್ಲಿ ಬಿಗುವು ಉಂಟಾಗುತ್ತದೆ, ಆ ಬಿಗುವಿನಲ್ಲಿ ಶಕ್ತಿಯು ಸಂಚಿತವಾಗಿರುತ್ತದೆ ಎಂದು ಅವನು ತೋರಿಸಿದನು. ಇಂಥ ವಸ್ತುವಿಗೆ ಡೈಎಲೆಕ್ಟ್ರಿಕ್ ಎಂಬ ಹೆಸರು ಆಗಲೇ ಬಂದದ್ದು. ತಾವು ಭಾಷಣ ಕೇಳುವ ರೇಡಿಯೋ ಪೆಟ್ಟಿಗೆಯಲ್ಲಿರುವ ಕಂಡೆನ್ಸರುಗಳೂ ಈ ತತ್ತ್ವವನ್ನೇ ನಂಬಿಕೊಂಡಿವೆ. ಹೆದೆಯನ್ನು ಮಿತಿಮೀರಿ ಎಳೆದರೆ ಬಿಲ್ಲು ಮುರಿಯುವಂತೆ ಅವಾಹಕಕ್ಕೂ ಒಂದು ಮಿತಿಯುಂಟು. ಸಾಧಾರಣ ಗಾಳಿಯು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟುಗಳವರೆಗೆ ತಾಳಿಕೊಂಡು, ಅದಕ್ಕಿಂತ ಹೆಚ್ಚಾದರೆ ಕಿಡಿಯಾಗಿ ಸಿಡಿದು ದಾರಿ ಬಿಡುತ್ತದೆ. ಮುಗಿಲಿನ ಮಿಂಚೂ ಇದೇ ಜಾತಿಯದು.

ಈಗ ನಮ್ಮ ಸಂಸ್ಥಾನದ ಕಥೆಗೆ ಬರೋಣ. ಕೋಲಾರದ ಚಿನ್ನದ ಗಣಿಗಳು ಆಳವಾದಷ್ಟೂ ನೀರೆತ್ತುವುದಕ್ಕೂ ಅದಿರನ್ನು ಮೇಲಕ್ಕೆ ತರುವುದಕ್ಕೂ ಹೆಚ್ಚು ಹೆಚ್ಚು ಶಕ್ತಿ ಬೇಕಾಯಿತು. ಕಾವೇರಿಯ ಶಿವನಸಮುದ್ರದಲ್ಲಿ ಶಕ್ತಿಯಿತ್ತು. ಗಣಿಗಳು 92 ಮೈಲಿ ದೂರದಲ್ಲಿದ್ದವು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಜಾಲಿ ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರ ಯೋಜನೆಯಂತೆ ಕೆಲಸವು ಆರಂಭವಾಗಿ, 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಗಣಿಗಳಿಗೆ ವಿದ್ಯುತ್ತು ಮುಟ್ಟಿತು. 1901ರಲ್ಲಿಯೇ ಕಾಲವಾಗಿದ್ದ ಶೇಷಾದ್ರಿ ಅಯ್ಯರವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಮೂರು ವರ್ಷಗಳ ತರುವಾಯ, 1905ರ ಆಗಸ್ಟಿನಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡವು.

ಗಣಿಗಳಿಗೆ ಹೋದ ಆ ಲೈನಿನ ಒತ್ತಡ 35,000 ವೋಲ್ಟುಗಳು. ಅಷ್ಟೊಂದು ಒತ್ತಡ ಏತಕ್ಕೆಂದು ಯಾರಾದರೂ ಕೇಳಬಹುದು. ತಂತಿಯಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒತ್ತಡವನ್ನು ಹತ್ತು ಪಾಲು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಪಾಲು ಪ್ರವಾಹದಿಂದ ಸಾಗಿಸಬಹುದು. ಆಗ ನಷ್ಟವು ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದಕಾರಣ ದೂರಸಾಗಣೆಯ ಗುಟ್ಟೆಲ್ಲ ಹೆಚ್ಚಿನ ಒತ್ತಡದಲ್ಲಿದೆ. ಹೆಚ್ಚಿನ ಒತ್ತಡದ ಗುಟ್ಟೆಲ್ಲ ಅದನ್ನು ತಡೆದು ನಿಲ್ಲಿಸಬಲ್ಲ ಅವಾಹಕದಲ್ಲಿದೆ. ಶಿವನಸಮುದ್ರದ ನೀರಿಗೆ ಎಷ್ಟೇ ರಭಸವಿರಲಿ, ಯಂತ್ರಗಳು ಎಷ್ಟೇ ದೊಡ್ಡವಾಗಿರಲಿ, ದಾರಿಯಲ್ಲಿನ ಸಾವಿರಾರು ಪಿಂಗಾಣಿಗಳಲ್ಲಿ ಒಂದು ಸೀಳಿದರೆ ಆ ಲೈನು ನಿಲ್ಲುತ್ತಿತ್ತು. ಸರಪಣಿಯ ಬಲವು ಅದರ ದುರ್ಬಲವಾದ ಕೊಂಡಿಯಷ್ಟೇ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಚಕ್ರಗಳಂತೆ, ಜನರೇಟರುಗಳಂತೆ, ಇಂಥ ಸಾಮಗ್ರಿಯೂ ಆಗ ಹೊರದೇಶಗಳಿಂದಲೇ ಬರಬೇಕಾಗಿತ್ತು. ಇದರಲ್ಲಿ ಒಂದು ವಿಪರ್ಯಾಸವಿದೆ. ಅವಾಹಕ ಸಾಮಗ್ರಿಗಳ ಮಟ್ಟಿಗೆ ಭರತಖಂಡವು ದರಿದ್ರವಾಗಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಕರೆಯುವ ಅಭ್ರಕವು ಬಿಹಾರದ ಗಣಿಗಳಿಂದಲೂ ನೆಲ್ಲೂರಿನಿಂದಲೂ ಪ್ರಪಂಚದ ವಿದ್ಯುತ್ ಕೈಗಾರಿಕೆಗಳಿಗೆಲ್ಲ ಹೋಗುತ್ತಿತ್ತು. ಚನ್ನಪಟ್ಟಣದ ಬೊಂಬೆಗಳಿಗೆ ಮೆರುಗು ಕೊಡುವ ಅರಗು ಇದೆಯಷ್ಟೆ. ಅದೇ ಜಾತಿಯ ಅರಗನ್ನು ಪಾಶ್ಚಾತ್ಯರು ವಾರ್ನಿಷು ಮಾಡಿ ತಂತಿಸುರುಳಿಗಳಿಗೆ ಬಳಿಯುತ್ತಿದ್ದರು, ಅಭ್ರಕದ ಪದರಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದರು. ನಮ್ಮ ಮನೆಗಳಲ್ಲಿ ದೀಪಕ್ಕೆ ಹಾಕುತ್ತಿದ್ದ ಹರಳೆಣ್ಣೆಯು ಕೆಲವು ಬಗೆಯ ಕಂಡೆನ್ಸರುಗಳಿಗೆ ಒಳ್ಳೆಯ ತುಂಬುದ್ರವವೆಂದು ತಿಳಿದುಬಂದಿತು. ಮೂಲಪದಾರ್ಥವನ್ನು ಅಗ್ಗವಾಗಿ ಮಾರಿ ಸಿದ್ಧವಸ್ತುವನ್ನು ದುಬಾರಿಯಾಗಿ ಕೊಳ್ಳುವ ವ್ಯಾಪಾರವು ಹತ್ತಿಯಲ್ಲಿ ಮಾತ್ರವೇ ನಡೆಯಿತೆಂದು ಭಾವಿಸಬಾರದು.

ಒತ್ತಡವು ಏರುತ್ತಾ ಹೋದಂತೆ ಬಟ್ಟಲಿನಾಕಾರದ ಪಿಂಗಾಣಿಗೆ ತೊಂದರೆ ಬಂದಿತು. ಗಾತ್ರವನ್ನು ಹೆಚ್ಚಿಸಿದರೆ ತೂಕ ಹೆಚ್ಚುತ್ತದೆ, ಬೆಲೆ ಹೆಚ್ಚುತ್ತದೆ, ಅದನ್ನು ಹೊತ್ತಿರುವ ಕಬ್ಬಿಣದ ಗೂಟ ಬಾಗುತ್ತದೆ. 1907ರಲ್ಲಿ ಅಮೆರಿಕದ ಹ್ಯೂಲೆಟ್ ಮತ್ತು ಬಕ್ ಎಂಬ ಇಂಜಿನಿಯರುಗಳು ಬೇರೊಂದು ಉಪಾಯವನ್ನು ಕಂಡುಹಿಡಿದರು. ಸಣ್ಣ ಸಣ್ಣ ಪಿಂಗಾಣಿ ತಟ್ಟೆಗಳನ್ನು ಮಾಲೆಯಂತೆ ಒಂದರ ಕೆಳಗೊಂದು ಪೋಣಿಸಿ, ಆ ಮಾಲೆಯ ತುದಿಗೆ ತಂತಿಯನ್ನು ತೂಗುಹಾಕುವುದೇ ಆ ಉಪಾಯ. ಒತ್ತಡ ಹೆಚ್ಚಾದರೆ ಇನ್ನು ನಾಲ್ಕು ತಟ್ಟೆಗಳನ್ನು ಸೇರಿಸಿದರಾಯಿತು. ಆದರೆ ಹತ್ತು ತಟ್ಟೆಗಳು ಒತ್ತಡವನ್ನು ಅಣ್ಣತಮ್ಮಂದಿರಂತೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ತಂತಿಗೆ ಅತ್ಯಂತ ಹತ್ತಿರವಿರುವ ತಟ್ಟೆಯ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ. ಇಂಥ ಸಂಗತಿಗಳು ಕಣ್ಣಿಗೆ ಕಾಣತಕ್ಕವಲ್ಲ. ಗಣಿತದಿಂದಲೂ ಪ್ರಯೋಗದಿಂದಲೂ ತಿಳಿಯತಕ್ಕವು. ಕೊಂಡು ತಂದು ಕಂಬಕ್ಕೆ ಕಟ್ಟುವುದರಿಂದ ಮಾತ್ರ ಈ ಜ್ಞಾನ ದೊರೆಯುವುದಿಲ್ಲ.

ಮತ್ತೆ ಭದ್ರಾವತಿಗೆ ಬರೋಣ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಆ ಊರಿನಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವು 1918ರಲ್ಲಿ ಆರಂಭವಾಗಿ, 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿ ಬಿದ್ದಿತು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಆದಕಾರಣ ಕಾಡಿನ ಮರವನ್ನು ಇದ್ದಲು ಮಾಡಿ ಅದಿರನ್ನು ಕರಗಿಸಬೇಕಾಯಿತು. ಮರದಿಂದ ಇದ್ದಲು ತೆಗೆಯುವಾಗ ಬರುವ ಟಾರು, ಮದ್ಯಸಾರ ಮುಂತಾದುವನ್ನೂ ವ್ಯರ್ಥಮಾಡದೆ ಸಂಗ್ರಹಿಸುತ್ತಿದ್ದರು. ಆದರೆ ಕಾಡು ಅಕ್ಷಯಪಾತ್ರೆಯಲ್ಲ. 1939ರಲ್ಲಿ ಜೋಗದ ಬಳಿ ಶರಾವತಿಯ ಶಕ್ತಿಯನ್ನು ಹಿಡಿಯುವ ಕೆಲಸವು ಮೊದಲಾಗಿ, ಯುದ್ಧಕಾಲದ ಅಡಚಣೆಗಳನ್ನೆಲ್ಲ ದಾಟಿ, 1948ರಲ್ಲಿ ವಿದ್ಯುದುತ್ಪಾದನೆ ಆರಂಭವಾಯಿತು. ಎಲ್ಲ ಯಂತ್ರಗಳೂ ಸೇರಿದಾಗ ಅದರ ಸಾಮರ್ಥ್ಯ 1,20,000 ಕಿಲೋವಾಟ್. ಆ ಬಳಿಕ, 1950ರ ದಶಕದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ತಿನಿಂದ ಅದಿರು ಕರಗಿಸುವ ಕುಲುಮೆಗಳು ನಿಂತವು. ಹಿಂದೆ ಕರಗಿಸುವ ಕಾವೂ ಇದ್ದಲಿನಿಂದಲೇ ಬರಬೇಕಾಗಿತ್ತು. ಈಗ ಆ ಕಾವನ್ನು ಜಲಪಾತವು ಒದಗಿಸಿತು. ಅದಿರಿನಿಂದ ಆಮ್ಲಜನಕವನ್ನು ಬಿಡಿಸುವುದಕ್ಕೆ ಬೇಕಾದಷ್ಟು ಇಂಗಾಲವನ್ನು ಮಾತ್ರ ಬೇರೆಯಾಗಿ ಕೊಡಬೇಕಾಯಿತು. ಕಾಡಿನ ಹೊರೆಯನ್ನು ಇಷ್ಟರಮಟ್ಟಿಗೆ ಇಳಿಸಿದ್ದು ಜೋಗದಿಂದ ಬಂದ ತಂತಿ. ಆ ತಂತಿಯನ್ನು ಮಲೆನಾಡಿನ ಮಳೆಯಲ್ಲಿ ಕಾಪಾಡಿದ್ದು ಪಿಂಗಾಣಿ.

ಮಲೆನಾಡಿನಲ್ಲಿ ಈ ಕೆಲಸ ಸುಲಭವಾದುದಲ್ಲ. ಮುಂಗಾರಿಗೆ ಮೊದಲಿನ ಸಿಡಿಲುಗಳು ಲೈನಿನ ಮೇಲೆ ಕ್ಷಣಮಾತ್ರದಲ್ಲಿ ಲಕ್ಷಗಟ್ಟಲೆ ವೋಲ್ಟುಗಳ ಒತ್ತಡವನ್ನು ತರುತ್ತವೆ. ಕಾರ್ಖಾನೆಗಳ ಸಮೀಪದಲ್ಲಿ ಇನ್ನೊಂದು ವಿಪತ್ತು. ಕಬ್ಬಿಣದ ಧೂಳು, ಸಿಮೆಂಟಿನ ಧೂಳು, ಹೊಗೆಯ ಮಸಿ ಇವು ಪಿಂಗಾಣಿಯ ಮೇಲೆ ತೆಳುವಾಗಿ ಕೂರುತ್ತವೆ. ಒಣಗಿರುವಷ್ಟು ಕಾಲ ಅವುಗಳಿಂದ ಅಷ್ಟು ಹಾನಿಯಿಲ್ಲ. ಜಡಿಮಳೆ ಬಂದರೆ ಕೊಳೆಯೆಲ್ಲ ತೊಳೆದುಹೋಗಿ ಒಳಿತೇ ಆಗುತ್ತದೆ. ಅಪಾಯವಿರುವುದು ಇಬ್ಬನಿಯಲ್ಲಿ, ಮಂಜಿನಲ್ಲಿ, ತುಂತುರು ಹನಿಯಲ್ಲಿ. ಕೊಳೆಯು ಒದ್ದೆಯಾಗಿ ವಾಹಕವಾಗುತ್ತದೆ, ಆದರೆ ತೊಳೆದುಹೋಗುವುದಿಲ್ಲ. ಆಗ ಮೇಲ್ಮೈಯಲ್ಲಿ ಸಣ್ಣ ಪ್ರವಾಹವು ಹರಿದು ಕೊಳೆಯನ್ನು ಅಲ್ಲಲ್ಲಿ ಒಣಗಿಸುತ್ತದೆ. ಒಣಗಿದ ಪಟ್ಟಿಗಳನ್ನು ಕಿಡಿಗಳು ದಾಟುತ್ತವೆ. ಕಿಡಿಗಳು ಒಂದಕ್ಕೊಂದು ಕೂಡಿಕೊಂಡರೆ ಇಡೀ ಮಾಲೆಯೇ ಉರಿಗೆರೆಯಾಗಿ ಹೊತ್ತಿ ಲೈನು ಕಡಿದುಹೋಗುತ್ತದೆ. ಪಿಂಗಾಣಿಯ ತಟ್ಟೆಗಳ ಒಳಮೈಯಲ್ಲಿ ಸುತ್ತುಸುತ್ತಾಗಿ ಅಂಚುಗಳನ್ನು ಬಿಟ್ಟಿರುವುದು ಅಂದಕ್ಕಲ್ಲ. ಪ್ರವಾಹದ ದಾರಿಯನ್ನು ಉದ್ದಮಾಡುವುದಕ್ಕೆ, ಮಳೆಯಲ್ಲಿಯೂ ಸ್ವಲ್ಪ ಭಾಗವು ಒಣಗಿರುವಂತೆ ಮಾಡುವುದಕ್ಕೆ.

ತಯಾರಿಕೆಯ ಘಟ್ಟವು ನಮ್ಮಲ್ಲಿ 1930ರ ದಶಕದಲ್ಲಿ ಆರಂಭವಾಯಿತು. ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯೊಂದನ್ನು ತೆರೆಯಿತು. ಟ್ರಾನ್ಸ್‌ಫಾರ್ಮರುಗಳನ್ನು ಮಾಡುವ ವಿದ್ಯುತ್ ಕಾರ್ಖಾನೆಯೂ ಅದೇ ದಶಕದಲ್ಲಿ ಹುಟ್ಟಿತು. ಪಿಂಗಾಣಿಗೆ ಬೇಕಾದುವು ಮೂರೇ ಪದಾರ್ಥಗಳು: ಬಿಳಿಯ ಜೇಡಿಮಣ್ಣು, ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಎಂಬ ಖನಿಜ. ಇವುಗಳನ್ನು ನುಣ್ಣಗೆ ಅರೆದು, ನಾದಿ, ಗಾಳಿಯನ್ನು ತೆಗೆದು, ರೂಪಕೊಟ್ಟು, ಮೆರುಗು ಹಚ್ಚಿ, ಸುಮಾರು 1,300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡಬೇಕು. ಕುಂಬಾರನ ಕೆಲಸದಂತೆಯೇ ತೋರುತ್ತದೆ. ಆದರೆ ಕುಂಬಾರನ ಹೂಜಿಯ ಗುಣವೇ ಇಲ್ಲಿ ದೋಷ. ಹೂಜಿಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ನೀರು ತಂಪಾಗುತ್ತದೆ. ಅವಾಹಕದಲ್ಲಿ ಅಂಥ ರಂಧ್ರವಿದ್ದರೆ ತೇವವು ಒಳಹೊಕ್ಕು ಒಂದು ದಿನ ಅದನ್ನು ಸೀಳಿಬಿಡುತ್ತದೆ. ಈ ಕಾರಣದಿಂದ ಒಡೆದ ಚೂರುಗಳನ್ನು ಒತ್ತಡದಲ್ಲಿ ಬಣ್ಣದ ದ್ರಾವಣದೊಳಗೆ ಇಟ್ಟು, ಬಣ್ಣವು ಒಳಗೆ ಇಳಿಯಿತೋ ಇಲ್ಲವೋ ಎಂದು ನೋಡುವ ಪರೀಕ್ಷೆಯುಂಟು. ಬೆಂಗಳೂರಿನ ಆ ಕಾರ್ಖಾನೆಯು ಮುಂದೆ ಮೈಸೂರು ಪೋರ್ಸಲೇನ್ಸ್ ಎಂದಾಗಿ, ಆಮೇಲೆ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯನ್ನು ಸೇರಿತು.

ಆ ಕಾರ್ಖಾನೆಯ ಎದುರಿಗೇ ಭಾರತೀಯ ವಿಜ್ಞಾನ ಮಂದಿರವಿರುವುದು ಅರ್ಥವತ್ತಾದ ಸಂಗತಿ. ಮಂದಿರದಲ್ಲಿ 1911ರಲ್ಲಿ ಪಾಠಗಳು ಆರಂಭವಾದಾಗ ವಿದ್ಯುತ್ ಶಾಸ್ತ್ರದ ವಿಭಾಗವು ಮೊದಲನೆಯವುಗಳಲ್ಲಿ ಒಂದಾಗಿತ್ತು. ಆದರೆ ಅಧಿಕ ಒತ್ತಡದ ಪ್ರತ್ಯೇಕ ಪ್ರಯೋಗಶಾಲೆಗೆ ಸ್ವಾತಂತ್ರ್ಯ ಬರುವ ಕಾಲದವರೆಗೆ ಕಾಯಬೇಕಾಯಿತು. ಜ್ಞಾನಚಂದ್ರ ಘೋಷರು 1939ರಿಂದ 1948ರವರೆಗೆ ನಿರ್ದೇಶಕರಾಗಿದ್ದ ಅವಧಿಯಲ್ಲಿ ಯಂತ್ರಶಾಸ್ತ್ರದ ಶಾಖೆಗಳು ವಿಸ್ತಾರಗೊಂಡವು. ಆ ವರ್ಷಗಳಲ್ಲಿ ಬಹುಪಾಲು ಮಂದಿರದ ಕೋರ್ಟಿನ ಅಧ್ಯಕ್ಷರಾಗಿದ್ದವರು, ಭದ್ರಾವತಿಯ ಕಾರ್ಖಾನೆಯನ್ನು ಸಂಕಟಕಾಲದಲ್ಲಿ ಕೈಹಿಡಿದು ನಡೆಸಿದ ವಿಶ್ವೇಶ್ವರಯ್ಯನವರೇ. ಆ ಬಳಿಕ 1960ರಲ್ಲಿ ಭಾರತ ಸರ್ಕಾರವು ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯನ್ನೂ ಬೆಂಗಳೂರಿನಲ್ಲಿಯೇ ಸ್ಥಾಪಿಸಿತು.

ಇಂಥ ಪ್ರಯೋಗಶಾಲೆಯಲ್ಲಿ ಸಂಶೋಧಕನು ಏನು ಮಾಡುತ್ತಾನೆ? ಮೊದಲನೆಯದಾಗಿ, ಸಿಡಿಲನ್ನು ತಯಾರಿಸುತ್ತಾನೆ. ಅನೇಕ ಕಂಡೆನ್ಸರುಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿ ವಿದ್ಯುತ್ತನ್ನು ತುಂಬಿ, ತಟಕ್ಕನೆ ಅವುಗಳನ್ನು ಸಾಲಾಗಿ ಜೋಡಿಸಿದರೆ ಒತ್ತಡಗಳೆಲ್ಲ ಕೂಡಿ ಲಕ್ಷಗಟ್ಟಲೆ ವೋಲ್ಟುಗಳಾಗುತ್ತವೆ. 1920ರ ದಶಕದಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸನು ಕಂಡುಹಿಡಿದ ಈ ಯಂತ್ರದಿಂದ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲದಲ್ಲಿ ಶಿಖರವನ್ನು ಮುಟ್ಟುವ ಅಲೆಯನ್ನು ಎಬ್ಬಿಸಿ ಅವಾಹಕವನ್ನು ಪರೀಕ್ಷಿಸುತ್ತಾರೆ. ಒಂದೇ ಪಿಂಗಾಣಿಯು ಒಂದೇ ಒತ್ತಡವನ್ನು ಒಂದು ಸಲ ತಾಳುತ್ತದೆ, ಇನ್ನೊಂದು ಸಲ ತಾಳುವುದಿಲ್ಲ. ಆದಕಾರಣ ಇಷ್ಟು ಒತ್ತಡಕ್ಕೆ ಸೋಲುತ್ತದೆ ಎಂದು ಖಂಡಿತವಾಗಿ ಹೇಳದೆ, ನೂರರಲ್ಲಿ ಐವತ್ತು ಸಲ ಸೋಲುವ ಒತ್ತಡವೆಷ್ಟು ಎಂದು ಲೆಕ್ಕ ಹಾಕುತ್ತಾರೆ.

ಎರಡನೆಯದಾಗಿ, ಸಂಶೋಧಕನು ಮುಪ್ಪನ್ನು ಅಳೆಯುತ್ತಾನೆ. ಟ್ರಾನ್ಸ್‌ಫಾರ್ಮರಿನೊಳಗೆ ಎಣ್ಣೆಯಲ್ಲಿ ನೆನೆದ ಕಾಗದವೇ ಅವಾಹಕ. ಕೇಬಲಿನಲ್ಲಿ ಪ್ಲಾಸ್ಟಿಕ್ಕಿನ ಜಾತಿಯ ವಸ್ತು. ಅವುಗಳ ಒಡಲಿನಲ್ಲಿ ಸೂಜಿಮೊನೆಯಷ್ಟು ಗಾಳಿಯ ಗುಳ್ಳೆಯಿದ್ದರೆ ಸಾಕು, ಅದರಲ್ಲಿ ಪ್ರತಿನಿತ್ಯವೂ ಕಾಣದ ಕಿಡಿಗಳೇಳುತ್ತವೆ. ವರ್ಷಗಳು ಕಳೆದಂತೆ ಆ ಕಿಡಿಗಳು ಮರದ ಕೊಂಬೆಗಳಂತೆ ಕವಲೊಡೆದ ಬಿರುಕುಗಳನ್ನು ಕೊರೆಯುತ್ತವೆ. ಹೊರಗೆ ಸ್ವಸ್ಥವಾಗಿ ಕಾಣುವ ಯಂತ್ರವು ಒಂದು ದಿನ ಹಠಾತ್ತನೆ ಸಿಡಿಯುತ್ತದೆ. ರೋಗಿಯ ನಾಡಿಯನ್ನು ಹಿಡಿದು ನೋಡುವ ವೈದ್ಯನಂತೆ, ಸಿಡಿಯುವ ಮೊದಲೇ ಆ ಕಾಣದ ಕಿಡಿಗಳ ಸುಳಿವನ್ನು ಹಿಡಿಯುವ ವಿದ್ಯೆಯೇ ಈ ಶಾಸ್ತ್ರದ ಮುಖ್ಯ ಪ್ರಯೋಜನ.

ಈ ಕ್ಷೇತ್ರದಲ್ಲಿ ಹೆಸರಾದವರಲ್ಲಿ ಗೊರೂರು ಗೋವಿಂದ ರಾಜು ಅವರೊಬ್ಬರು. ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1975ರಿಂದ 1980ರವರೆಗೆ ವಿಜ್ಞಾನ ಮಂದಿರದ ಅಧಿಕ ಒತ್ತಡ ವಿಭಾಗದ ಮುಖ್ಯಸ್ಥರಾಗಿದ್ದು, ತರುವಾಯ ಕೆನಡಾದ ವಿಂಡ್ಸರ್ ವಿಶ್ವವಿದ್ಯಾನಿಲಯಕ್ಕೆ ಹೋದರು. ವಿದ್ಯುತ್ ಕ್ಷೇತ್ರದಲ್ಲಿ ಡೈಎಲೆಕ್ಟ್ರಿಕ್ ವಸ್ತುಗಳ ವರ್ತನೆಯನ್ನು ಕುರಿತು 2003ರಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥದಲ್ಲಿ ಅಣುಗಳು ಕ್ಷೇತ್ರಕ್ಕೆ ಹೇಗೆ ಓಲುತ್ತವೆ, ಆ ಓಲಾಟದಲ್ಲಿ ಶಕ್ತಿಯು ಹೇಗೆ ನಷ್ಟವಾಗುತ್ತದೆ, ಅನಿಲಗಳಲ್ಲಿ ಸಿಡಿತವು ಹೇಗೆ ಹುಟ್ಟುತ್ತದೆ ಎಂಬ ವಿಚಾರಗಳು ವಿವರವಾಗಿ ನಿರೂಪಿತವಾಗಿವೆ. 1902ರಲ್ಲಿ ಸಿದ್ಧಸಾಮಗ್ರಿಯನ್ನು ಹೊರಗಿನಿಂದ ತರಿಸಿಕೊಂಡ ನಾಡಿನ ಪ್ರಯೋಗಶಾಲೆಯಲ್ಲಿ ದುಡಿದವರೊಬ್ಬರು ಒಂದು ಶತಮಾನದ ಬಳಿಕ ಹೊರನಾಡಿನ ವಿದ್ಯಾರ್ಥಿಗಳಿಗೆ ಆ ವಸ್ತುವಿನ ಶಾಸ್ತ್ರವನ್ನು ಬರೆದುಕೊಟ್ಟರು.

ಕೆಲಸವೇನೂ ಮುಗಿದಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ 2003ರಲ್ಲಿ ಒರಿಸ್ಸಾದ ತಾಲ್ಚೇರಿನಿಂದ ಸುಮಾರು 1,400 ಕಿಲೋಮೀಟರು ದೂರ ಸಾಗಿ ಬಂದ ಏಕಮುಖ ಪ್ರವಾಹದ ಲೈನು ಅದೇ ಕೋಲಾರ ಜಿಲ್ಲೆಯಲ್ಲಿ ಬಂದು ಮುಟ್ಟಿತು. ಅದರ ಒತ್ತಡ ನೆಲಕ್ಕೆ ಹೋಲಿಸಿದರೆ 5,00,000 ವೋಲ್ಟು. ಏಕಮುಖ ಒತ್ತಡವು ಧೂಳನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ ಅವಾಹಕದ ಕೊಳೆಯ ಸಮಸ್ಯೆ ಇಮ್ಮಡಿಯಾಯಿತು. ನೀರನ್ನು ಅಂಟಿಸಿಕೊಳ್ಳದ ಸಿಲಿಕೋನ್ ರಬ್ಬರಿನ ಅವಾಹಕಗಳು ಅನೇಕ ಕಡೆ ಪಿಂಗಾಣಿಯ ಸ್ಥಾನವನ್ನು ಹಿಡಿದಿವೆ. ಅವು ಬಿಸಿಲಿನಲ್ಲಿ ಎಷ್ಟು ವರ್ಷ ಬಾಳುತ್ತವೆ ಎಂಬುದು ಪರಿಶೀಲನೆಯಲ್ಲಿರುವ ವಿಷಯ. ಉಪಕೇಂದ್ರಗಳಲ್ಲಿ ಬಳಸುವ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವು ಉತ್ತಮವಾದ ಅವಾಹಕವೇನೋ ಹೌದು. ಆದರೆ ಅದು ವಾಯುಮಂಡಲಕ್ಕೆ ಸೋರಿದರೆ ಇಂಗಾಲಾಮ್ಲಕ್ಕಿಂತ ಇಪ್ಪತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡುತ್ತದೆ. ಅದಕ್ಕೆ ಬದಲಿಯನ್ನು ಹುಡುಕುವ ಹೊಣೆ ಹೊಸ ಸಂಶೋಧಕರ ಮೇಲೆ ಬಿದ್ದಿದೆ.

ಬಳಕೆ ಮೊದಲು, ಶಾಸ್ತ್ರ ಕಡೆಗೆ ಎಂಬ ಕ್ರಮದಿಂದ ನಮಗೆ ಲಾಭವಾಯಿತೇ, ನಷ್ಟವಾಯಿತೇ? ಲಾಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಶಾಸ್ತ್ರವನ್ನು ಕಲಿತ ಮೇಲೆಯೇ ದೀಪ ಹಚ್ಚುತ್ತೇವೆಂದು ಶೇಷಾದ್ರಿ ಅಯ್ಯರವರು ಕಾದಿದ್ದರೆ ಮೈಸೂರು ಇನ್ನೂ ಐವತ್ತು ವರ್ಷ ಹಿಂದೆ ಬೀಳುತ್ತಿತ್ತು. ನಷ್ಟವೂ ಆಯಿತು. ಕೊಂಡುತಂದ ವಸ್ತುವು ಸೋತಾಗ, ಏಕೆ ಸೋತಿತೆಂಬುದನ್ನು ಮಾರಿದವನಿಂದಲೇ ಕೇಳಿ ತಿಳಿಯಬೇಕು. ಅವನಿಗೆ ಮಲೆನಾಡಿನ ಸೋನೆಮಳೆಯೂ ತಿಳಿಯದು, ಕುಲುಮೆಯ ಧೂಳೂ ತಿಳಿಯದು. ನಮ್ಮ ಹವೆಗೆ ತಕ್ಕ ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬೇಕೆಂಬುದೇ ಪ್ರಯೋಗಶಾಲೆಗಳಿಗಾಗಿ ಮಾಡುವ ವೆಚ್ಚಕ್ಕೆ ಸಮರ್ಥನೆ.

ಇದರಲ್ಲಿ ಪಣಕ್ಕಿಟ್ಟಿರುವುದು ಬರಿಯ ಹಣವಲ್ಲ. ಕೊಳೆ ಹಿಡಿದ ಪಿಂಗಾಣಿಯನ್ನು ಒರಸುವುದಕ್ಕೆ, ಒಡೆದ ತಟ್ಟೆಯನ್ನು ಬದಲಿಸುವುದಕ್ಕೆ ಮಳೆಗಾಲದಲ್ಲಿ ಕಂಬ ಹತ್ತುವ ಲೈನ್‌ಮನ್ನನ ಪ್ರಾಣವು ಆ ವಸ್ತುವಿನ ಸತ್ತ್ವವನ್ನು ಅವಲಂಬಿಸಿದೆ. ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಇದುವರೆಗೆ ಕಿಲೋವಾಟುಗಳ ಲೆಕ್ಕದಲ್ಲಿ ಬರೆದಿದ್ದೇವೆ. ಯಾವ ಊರಿನಲ್ಲಿ, ಯಾವ ಋತುವಿನಲ್ಲಿ, ಎಷ್ಟು ಅವಾಹಕಗಳು ಏತಕ್ಕಾಗಿ ಸೋತವು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದಿಡುವುದು ಅವಶ್ಯಕ. ಸಂಶೋಧಕನಿಗೆ ಅದು ಅಮೂಲ್ಯವಾದ ಸಾಮಗ್ರಿ. ಕಂಬದ ಮೇಲಿರುವವನಿಗೆ ಅದು ರಕ್ಷೆ.